ಮೂವತ್ತೆರಡು ಮಂದಿ ‘ಇತರರು’

ಕೆಳಗೇರಿ, ಕಡಕೊಪ್ಪ
ಫೆಬ್ರುವರಿ 30, 2168

ಶಿಖರ ಸವಾರರ ಸಂಘದ ಕಾರ್ಯದರ್ಶಿ ಶ್ರೀಮತಿ ಪ್ರಫುಲ್ಲಾ ಹೂಲಿ ಅವರಿಗೆ, 2027ನೇ ಇಸವಿಗೆ.

ಮಾನ್ಯರೆ,

ಮೇಲಿನ ತಾರೀಖು ನೋಡಿ ಇದನ್ನು ಯಾರದೋ ಕುಚೋದ್ಯವೆಂದು ಹರಿದು ಹಾಕಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಫೆಬ್ರುವರಿಯ ಕೊನೆಗೆ ಬರುತ್ತವೆ. ಅವಕ್ಕೆ ‘ಉಳಿದೈದು’ ಎನ್ನುತ್ತೇವೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಲವತ್ತು ವರ್ಷ ಈ ಊರಿನ ಗ್ರಂಥಾಲಯ ನೋಡಿಕೊಂಡವನು ನಾನು. ನಿಮ್ಮ ಕಾಲದ ಮುದ್ರಣದ ಭಾಷೆಯನ್ನು ಪುಸ್ತಕಗಳಿಂದ ಕಲಿತು, ಆದಷ್ಟು ಅದರಲ್ಲೇ ಬರೆಯುತ್ತಿದ್ದೇನೆ. ಈ ಪತ್ರ ಹೊರಡುವುದು ಹಿಂದಂಚೆಯಲ್ಲಿ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯದು. ಒಬ್ಬ ಮನುಷ್ಯನಿಗೆ ಬದುಕಿನಲ್ಲಿ ಒಂದೇ ಪತ್ರ, ಉತ್ತರ ಬರುವುದಿಲ್ಲ, ತಲುಪಿತೋ ಇಲ್ಲವೋ ಎಂದು ಯಾರೂ ಖಾತ್ರಿ ಕೊಡುವುದಿಲ್ಲ. ಎಂಬತ್ತಮೂರು ವರ್ಷ ಜೋಪಾನ ಮಾಡಿದ ನನ್ನ ಒಂದು ಪತ್ರವನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ. ಸಿಟ್ಟಿನಿಂದ ಮಾಡುತ್ತಿದ್ದೇನೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ಗಾಳಿಕಲ್ಲು ಗುಡ್ಡದ ಮೇಲೆ ನೀವು ಸೈಕಲ್ಲಿಗೆಂದು ಕಡಿದ ಜಾಡು ಇನ್ನೂ ಇದೆ. ನಿಮ್ಮ ಗುಡ್ಡಸೈಕಲ್ಲಿಗೆ ನಾವು ಜಾಡುಗಾಲಿ ಎನ್ನುತ್ತೇವೆ. ಹೆಸರು ಬದಲಾಗಿದೆ, ತುಳಿಯುವ ಕಷ್ಟ ಬದಲಾಗಿಲ್ಲ. ನಿಮ್ಮ ಕಾಲದ ಗಾಳಿಯಂತ್ರಗಳೆಲ್ಲ ಉರುಳಿದವು. ಅದರಲ್ಲೊಂದರ ರೆಕ್ಕೆಯನ್ನು ಕೊರಕಲಿಗೆ ಅಡ್ಡ ಹಾಕಿ ಸೇತುವೆ ಮಾಡಿಕೊಂಡಿದ್ದೇವೆ. ಚಕ್ರ ಹೋಗುವಾಗ ಅದು ತಮಟೆಯ ಹಾಗೆ ಸದ್ದು ಮಾಡುತ್ತದೆ. ಗುಡ್ಡದ ಬುಡದಲ್ಲಿ ಬೀಗವಿಲ್ಲದ ಸಾಮಾನು ಗೂಡು ಇದೆ. ಸಲಿಕೆ, ಹಾರೆ, ಪುಟ್ಟಿ, ಗಾಳಿಪಂಪು, ತೇಪೆ ಹಾಕುವ ರಬ್ಬರು ಎಲ್ಲವೂ ಅಲ್ಲಿ. ಪಕ್ಕದಲ್ಲಿ ಆರು ‘ಊರಗಾಲಿ’ಗಳು ನಿಂತಿರುತ್ತವೆ. ಸ್ವಂತ ಗಾಲಿ ಇಲ್ಲದವರು ಯಾರು ಬೇಕಾದರೂ ಒಯ್ಯಬಹುದು. ತಿರುಗಿ ತಂದು ನಿಲ್ಲಿಸುವಾಗ ಸರಪಳಿ ಒರೆಸಿ ಎಣ್ಣೆ ಬಿಡಬೇಕು, ಅಷ್ಟೇ. ಮಳೆ ಬಿದ್ದ ಮೇಲೆ ಒಬ್ಬರು ಹೋಗಿ ಜಾಡಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕುತ್ತಾರೆ. ಉಂಡೆ ಕಟ್ಟಿದರೆ ಅಂದು ಸವಾರಿ ಇಲ್ಲ, ಏಕೆಂದರೆ ಹಸಿ ನೆಲದಲ್ಲಿ ಬಿದ್ದ ಗಾಲಿಯ ಗೆರೆಯೇ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಮಣ್ಣು ಪುಡಿಯಾಗಿ ಉದುರಿದರೆ ಗೂಡಿನ ಮೇಲೆ ಹಳದಿ ಬಾವುಟ ಏರುತ್ತದೆ. ಇಡೀ ಊರು ಅದನ್ನು ನೋಡುತ್ತದೆ. ಗುಂಪಿನಲ್ಲಿ ಹೊರಟಾಗ ಎಲ್ಲರಿಗಿಂತ ಗಟ್ಟಿ ತುಳಿಯುವವರು ಎಲ್ಲರಿಗಿಂತ ಹಿಂದೆ ಇರಬೇಕು. ಅವರಿಗೆ ‘ಕಡೆಗಾಲಿ’ ಎಂದು ಹೆಸರು. ಮುಂದೆ ಓಡಿ ಮೆರೆಯುವುದಕ್ಕೆ ನಮ್ಮಲ್ಲಿ ಮರ್ಯಾದೆ ಇಲ್ಲ. ಪಂಕ್ಚರಾದವರ ಜೊತೆ ಕುಳಿತುಕೊಳ್ಳುವುದಕ್ಕೆ ಇದೆ.

ಗುಡ್ಡದ ಮೇಲೆ ಮೂರು ಗುಂಪುಗಳಿವೆ. ನಿಮ್ಮ ಶಿಖರ ಸಂಘದವರಿಗೆ ಬಂಡೆ ಇಳಿಜಾರು ಇಷ್ಟ. ನಮ್ಮ ಕೆಳಗೇರಿ ಗುಂಪಿಗೆ ಊರ ಕಡೆಯ ಏರು. ನೇಕಾರ ಓಣಿಯ ಹೆಂಗಸರ ಮಗ್ಗದ ಗುಂಪಿಗೆ ಗುಡ್ಡದ ನಡುವನ್ನು ಸುತ್ತುವ ಸೊಂಟದ ದಾರಿ. ನಿಮ್ಮ ಕಾಲದಿಂದ ಇಪ್ಪತ್ತು ವರ್ಷಕ್ಕೆ ಇವರ ನಡುವೆ ಒಂದು ದೊಡ್ಡ ಜಗಳವಾಯಿತು. ಆಗ ಪ್ರತಿ ಗುಂಪೂ ತನ್ನ ದಾರಿಯನ್ನು ತಾನೇ ರಿಪೇರಿ ಮಾಡುತ್ತಿತ್ತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮಾಡಿದ್ದೇನು? ಪ್ರತಿಯೊಬ್ಬರೂ ತಮ್ಮ ದಾರಿಯ ಮಳೆನೀರನ್ನು ಮೆಲ್ಲಗೆ ಪಕ್ಕದವರ ದಾರಿಗೆ ತಿರುಗಿಸಿದರು. ಎರಡು ಮಳೆಗಾಲದಲ್ಲಿ ಗುಡ್ಡ ಮೂರು ಕಡೆ ಸೀಳಿತು. ಅಂದಿನ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು: ಯಾರೂ ತಾವು ಓಡಿಸುವ ದಾರಿಯನ್ನು ತಾವು ರಿಪೇರಿ ಮಾಡಕೂಡದು. ಶಿಖರದವರು ಕೆಳಗೇರಿಯ ಏರನ್ನು ನೋಡಬೇಕು, ಕೆಳಗೇರಿಯವರು ಸೊಂಟದ ದಾರಿಯನ್ನು, ಮಗ್ಗದವರು ಬಂಡೆ ಇಳಿಜಾರನ್ನು. ಇದಕ್ಕೆ ‘ಅದಲುದುಡಿಮೆ’ ಎನ್ನುತ್ತೇವೆ. ಪ್ರತಿ ವರ್ಷ ಉಳಿದೈದರಲ್ಲಿ ಇಡೀ ಊರು ಗುಡ್ಡದ ಮೇಲೆ ಇರುತ್ತದೆ. ರೊಟ್ಟಿ, ಶೇಂಗಾ ಚಟ್ನಿ, ಗುದ್ದಲಿಯ ಸದ್ದು, ಬೈಗುಳ. ನೂರಿಪ್ಪತ್ತು ವರ್ಷದಿಂದ ಗುಡ್ಡ ಮತ್ತೆ ಸೀಳಿಲ್ಲ.

ಇಷ್ಟು ಚೆನ್ನಾಗಿ ನಡೆದದ್ದನ್ನು ಕೆಡಿಸಿದ್ದು ನಿಮ್ಮದೊಂದು ಕಲ್ಲು.

ಹೋದ ಶ್ರಾವಣದಲ್ಲಿ ಏರಿನ ಪಕ್ಕದ ದರೆ ಕುಸಿದು ಅದು ಹೊರಬಿತ್ತು. ‘ಈ ಜಾಡನ್ನು ನಿರ್ಮಿಸಿದವರು ಶಿಖರ ಸವಾರರ ಸಂಘ, 2027’ ಎಂದು ಕೆತ್ತಿಸಿದ್ದೀರಿ. ಅಕ್ಷರ ಅಂದವಾಗಿವೆ. ಶಿಖರ ಸಂಘದ ಈಗಿನ ಅಧ್ಯಕ್ಷ ವೀರಭದ್ರ ಇನಾಮತಿ ಎಂಬುವನು ಆ ಕಲ್ಲನ್ನು ತೊಳೆಸಿ, ಗಾಡಿಯ ಮೇಲೆ ಇಡಿಸಿ, ಗುಡ್ಡದ ಕಟ್ಟೆಯ ಮುಂದೆ ತಂದ. ಕಟ್ಟೆ ಎಂದರೆ ಚೀಟಿ ಎತ್ತಿ ಆರಿಸಿದ ಐದು ಜನ ಹಿರಿಯರು. ಜಾಡು ಶಿಖರದವರದು, ಮಿಕ್ಕವರು ವಾರಕ್ಕೆ ಎರಡು ದಿನ, ಅದೂ ಸಂಘದ ಅಪ್ಪಣೆ ಚೀಟಿ ಪಡೆದು ಬರಬೇಕು ಎಂಬುದು ಅವನ ಅರ್ಜಿ. ನಾನು ಆ ಗುಡ್ಡ ಹತ್ತಲು ಕಲಿತದ್ದು ನನ್ನ ಏಳನೆಯ ವರ್ಷದಲ್ಲಿ. ಒಂದು ದಿನವೂ ಯಾರ ಅಪ್ಪಣೆಯನ್ನೂ ಕೇಳಿದವನಲ್ಲ. ನನ್ನದು ಇರಲಿ. ಮಗ್ಗದ ಗುಂಪಿನ ಹಸೀನಾಬಿಗೆ ಈಗ ಎಪ್ಪತ್ತೊಂದು. ಐವತ್ತೆಂಟಕ್ಕೆ ಊರಗಾಲಿಯ ಮೇಲೆ ಸವಾರಿ ಕಲಿತು, ಅಂದಿನಿಂದ ಹದಿಮೂರು ವರ್ಷ ಬಾವುಟ ಏರಿದ ಒಂದು ಗುರುವಾರವೂ ತಪ್ಪಿಸದೆ ಗುಡ್ಡ ಸುತ್ತಿದವಳು. ಆಕೆಯ ಗುರುವಾರ ಈ ಅರ್ಜಿಯ ಎರಡು ದಿನಗಳಲ್ಲಿ ಇರಲಿಲ್ಲ.

ವಿಚಾರಣೆ ಗೂಡಿನ ಎದುರಿನ ಬೇವಿನ ನೆರಳಿನಲ್ಲಿ ನಡೆಯಿತು. ಹಿಂದಂಚೆಯ ಪತ್ರಗಳಲ್ಲಿ ಮಾತುಕತೆ ಬರೆಯುವ ರೂಢಿಯಿಲ್ಲ. ಆದರೆ ಅಂದಿನ ಮಾತನ್ನು ನಾನು ಸುಧಾರಿಸಿ ಬರೆದರೆ ಅದು ಸತ್ತುಹೋಗುತ್ತದೆ. ಇದ್ದಂತೆಯೇ ಬರೆಯುತ್ತೇನೆ.

“ಕಲ್ಲಿನ್ಯಾಗ ಬರದೈತ್ರೀ,” ಎಂದ ವೀರಭದ್ರ. “ನಾವೇನ್ ಯಾರ್ನೂ ಓಡಸಾಂಗಿಲ್ಲ. ಕೇಳಿ ಬರ್ರಿ ಅಂತೀವಿ, ಅಷ್ಟ.”

ಹಸೀನಾಬಿ ಕೂತಲ್ಲಿಂದಲೇ ಕೇಳಿದಳು: “ಆತಪಾ ತಮ್ಮಾ, ಕೇಳೇ ಬರತೀವಿ. ಮೊದಲ ನೀ ಒಂದು ಹೇಳು. ನಿಮ್ಮ ಇಳಿಜಾರಿನ ಮೂರನೇ ತಿರುವಿನ್ಯಾಗ ನೀರು ಯಾವ ಕಡೆ ಹೋಗತೈತಿ?”

ವೀರಭದ್ರ ತಡವರಿಸಿದ. “ಕೆಳಗ ಹೋಗತೈತಿ.”

“ಮ್ಯಾಲ ಹೋಗೂ ನೀರ ಎಲ್ಲಿ ನೋಡೀಯೋ ಮಾರಾಯಾ!” ಎಂದು ಯಾರೋ ಹಿಂದಿನಿಂದ ಕೂಗಿದರು. ಕಟ್ಟೆಯ ಹಿರಿಯರೂ ನಗು ತಡೆಯಲಿಲ್ಲ.

“ಎಡಕ್ಕ ಹೋಗತೈತಿ, ಕವಳಿ ಕಂಟಿ ಬುಡಕ್ಕ,” ಎಂದಳು ಹಸೀನಾಬಿ. “ಹದಿಮೂರು ವರ್ಷ ಆತು, ನಾನ ತಿರುವೀನಿ ಅದನ್ನ.”

ಕಟ್ಟೆಯ ಹಿರಿಯಳೊಬ್ಬಳು ಆಗ ಒಂದು ಪ್ರಶ್ನೆ ಕೇಳಿದಳು. “ಹಂಗಾದ್ರ ಇಳಿಜಾರು ನಿಂದ ಆತೇನವಾ?” ಹೌದೆಂದರೆ ನಮ್ಮದೂ ಶಿಖರದವರ ವಾದವೇ ಆಗುತ್ತಿತ್ತು, ಇಲ್ಲವೆಂದರೆ ಕೈಯಲ್ಲಿದ್ದ ಒಂದೇ ಸಾಕ್ಷಿ ಹೋಗುತ್ತಿತ್ತು.

“ನಂದ್ಯಾಕ ಆಗತೈತ್ರೀ ಯಕ್ಕಾ? ಒಮ್ಮಿನೂ ಅಲ್ಲಿ ಇಳದಿಲ್ಲ ನಾ. ನನ್ನ ಮೊಣಕಾಲಿಗೇನ್ ಹುಚ್ಚ ಹಿಡದೈತೇನು? ಅದು ಅವರದ. ಅವರು ಬೀಳಬಾರ್ದು ಅಂತ ಮಾಡೀನಿ.”

ಶಿಖರದ ಸವಾರರಲ್ಲಿ ಅರ್ಧಕ್ಕರ್ಧ ಜನ ತಲೆ ತಗ್ಗಿಸಿದ್ದರು. ಅವರು ಹೆಮ್ಮೆಪಡುವ ಆ ಇಳಿಜಾರನ್ನು, ಅದರ ಮೇಲೆ ಒಮ್ಮೆಯೂ ಗಾಲಿ ಇಡದ ಹೆಂಗಸರು ಕಾಯುತ್ತ ಬಂದಿದ್ದರು. ನಮ್ಮ ಏರನ್ನು ಶಿಖರದವರ ಅಜ್ಜ ಮುತ್ತಜ್ಜಂದಿರು ಹಾಗೆಯೇ ಕಾದಿದ್ದರು ಎಂಬುದನ್ನೂ ನಾನು ಎದ್ದುನಿಂತು ಹೇಳಿದೆ, ಏಕೆಂದರೆ ಅದೂ ನಿಜ. ಕಟ್ಟೆಯ ತೀರ್ಪು ಒಂದೇ ವಾಕ್ಯದ್ದು: ಈ ಗುಡ್ಡದಲ್ಲಿ ಮಾಡಿದ್ದು ಮಾಡಿದವರದಾಗುವುದಿಲ್ಲ, ಆದ್ದರಿಂದ ಕಲ್ಲಿನ ಮಾತು ನಿಜವಾದರೂ ಅರ್ಜಿ ನಿಲ್ಲುವುದಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ವೀರಭದ್ರ ಜಿಲ್ಲೆಯ ಕಾಗದಪೀಠಕ್ಕೆ ಮೇಲ್ಮನವಿ ಹಾಕಿದ. ಹೆಸರೇ ಹೇಳುವಂತೆ ಆ ಪೀಠ ಬರಹವನ್ನು ಬಿಟ್ಟು ಬೇರೆ ಸಾಕ್ಷಿಯನ್ನು ಒಪ್ಪುವುದಿಲ್ಲ. ರೂಢಿ, ನೆನಪು, ಹಸೀನಾಬಿಯ ಕೈಯ ಗುದ್ದಲಿಗಂಟು ಯಾವುದೂ ಅಲ್ಲಿ ನಡೆಯದು. ನಿಮ್ಮ ಕಾಲದ ಬರಹ ಎರಡೇ ಉಳಿದಿವೆ. ಒಂದು ಆ ಕಲ್ಲು. ಇನ್ನೊಂದು, ನಮ್ಮ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ನೀಲಿ ರಟ್ಟಿನ ವರದಿ ಪುಸ್ತಕ, ನಿಮ್ಮ ಕೈಬರಹದ್ದು.

ಪ್ರಫುಲ್ಲಾ ಅವರೆ, ಆ ಪುಸ್ತಕವನ್ನು ನಾನು ಪ್ರೀತಿಯಿಂದ ಓದಿದವನು. ಜಾಡು ಕಡಿದ ಭಾನುವಾರದ ವರದಿ ಹದಿನೇಳನೆಯ ಪುಟದಲ್ಲಿದೆ. ಯಾರ ಸೈಕಲ್ಲಿನ ಕಡ್ಡಿ ಮುರಿಯಿತು, ಯಾವ ಬಂಡೆ ಅಲುಗಲಿಲ್ಲ, ಯಾರ ಟೋಪಿಯನ್ನು ಗಾಳಿ ಒಯ್ದಿತು, ಎಲ್ಲ ಬರೆದಿದ್ದೀರಿ. ಮಧ್ಯಾಹ್ನ ಖರ್ಚಾದ ಮಿರ್ಚಿ ಭಜಿ ನೂರಾ ಹನ್ನೆರಡು ಎಂದೂ ಬರೆದಿದ್ದೀರಿ. ಆಮೇಲೆ ಈ ಸಾಲು: ‘ಒಟ್ಟು ನಲವತ್ತೊಂದು ಮಂದಿ ಭಾಗವಹಿಸಿದ್ದರು.’ ಕೆಳಗೆ ನಿಮ್ಮ ಸಂಘದ ಒಂಬತ್ತು ಹೆಸರು, ಇನಿಷಿಯಲ್ ಸಮೇತ. ಅದರ ಕೆಳಗೆ, ‘ಮತ್ತು ಇತರರು’.

ಯಾರು ಆ ಮೂವತ್ತೆರಡು ಮಂದಿ? ಪುಸ್ತಕದ ಹಿಂದುಮುಂದಿನ ಪುಟಗಳಿಂದ ಇಷ್ಟು ಊಹಿಸಬಲ್ಲೆ. ಕುರಿಯ ಕಾಲುದಾರಿ ತೋರಿಸಿದ ಕೆಳಗೇರಿಯ ಕೆಲವರಿದ್ದರು. ಕಲ್ಲು ಒಡೆಯಲು ಬಂದ ನೇಕಾರ ಓಣಿಯ ಹೆಂಗಸರಿದ್ದರು. ‘ನಮ್ಮವರಿಗಿಂತ ಅವರ ಸುತ್ತಿಗೆ ಏಟಿಗೆ ಗುರಿ ಹೆಚ್ಚು’ ಎಂದು ಬೇರೊಂದು ಕಡೆ ಹೊಗಳಿದ್ದೀರಿ. ಹೊಗಳಿಕೆ ಬರೆದಿರಿ, ಹೆಸರು ಬರೆಯಲಿಲ್ಲ. ನೂರಾ ಹನ್ನೆರಡು ಮಿರ್ಚಿ ಎಣಿಸಿದ ಕೈಗೆ ಮೂವತ್ತೆರಡು ಹೆಸರು ಭಾರವಾದವೆ? ಪುಟದಲ್ಲಿ ಜಾಗವಿರಲಿಲ್ಲ ಎನ್ನಬೇಡಿ. ಕೆಳಗಿನ ಅರ್ಧ ಪುಟ ಖಾಲಿ ಇದೆ. ಆ ಖಾಲಿಯನ್ನು ನಾನು ಎಷ್ಟೋ ಸಲ ಭೂತಗನ್ನಡಿ ಹಿಡಿದು ನೋಡಿದ್ದೇನೆ.

ನೀವು ಕೆಟ್ಟವರಲ್ಲ ಎಂದು ನನಗೆ ಗೊತ್ತು. ಯಾರನ್ನೂ ಹೊರಗಿಡಬೇಕೆಂದು ನೀವು ಹಾಗೆ ಬರೆಯಲಿಲ್ಲ. ದಣಿದಿದ್ದಿರಿ; ನಿಮ್ಮವರ ಹೆಸರು ನಿಮಗೆ ಬಾಯಿಪಾಠ, ಅವರದನ್ನು ಕೇಳಿ ಬರೆಯಬೇಕಿತ್ತು. ಎಲ್ಲ ಊರಲ್ಲೂ ಹೀಗೇ ಆಗುತ್ತದೆ. ಒಟ್ಟಿಗೆ ಬೆವರು ಹರಿಸಿದವರಲ್ಲಿ ಪೆನ್ನು ಇದ್ದವರು ಮಾತ್ರ ಮುಂದಿನವರಿಗೆ ಉಳಿಯುತ್ತಾರೆ. ಇದು ಅನ್ಯಾಯವೆಂದು ಪುಸ್ತಕಗಳ ನಡುವೆ ಬದುಕು ಕಳೆದ ನಾನೇ ಹೇಳಬೇಕಾಗಿದೆ. ನಿಮ್ಮ ಗುಂಪು ಒಳ್ಳೆಯದೇ ಮಾಡಿತು. ಗುಡ್ಡವನ್ನು ಊರಿಗೆ ತೋರಿಸಿಕೊಟ್ಟಿತು, ಬಿದ್ದವರನ್ನು ಎತ್ತಿತು, ಸೈಕಲ್ಲಿಲ್ಲದವರಿಗೆ ಸೈಕಲ್ಲು ಕೊಟ್ಟಿತು. ನಮ್ಮ ಊರಗಾಲಿಯ ಮೊದಲ ಪ್ರಸ್ತಾಪ ಇರುವುದು ನಿಮ್ಮ ಪುಸ್ತಕದಲ್ಲೇ. ಆದರೆ ಸೇವೆ ಮಾಡಿದವರು ಕೊನೆಗೊಂದು ಕಲ್ಲು ನೆಟ್ಟರೆ, ಸೇವೆ ಮರೆತುಹೋಗಿ ಕಲ್ಲು ಮಾತಾಡತೊಡಗುತ್ತದೆ. ನೂರ ನಲವತ್ತೊಂದು ವರ್ಷದ ನಂತರ ಅದು ಮಾತಾಡಿದ್ದು ಹಸೀನಾಬಿಯ ವಿರುದ್ಧ.

ಕಲ್ಲನ್ನು ಕಿತ್ತುಹಾಕಿ ಎಂದು ನಾನು ಕೇಳುವುದಿಲ್ಲ. ನಿಮ್ಮ ಒಂಬತ್ತು ಜನರ ಬೆವರೂ ಸುಳ್ಳಲ್ಲ. ನಾನು ಕೇಳುವುದು ಒಂದು ಸಂಜೆಯ ಕೆಲಸ. ಈ ಪತ್ರ ಕೈಗೆ ಬಂದ ಮೇಲೆ ಆ ನೀಲಿ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಸೈಕಲ್ಲು ಹತ್ತಿ. ಮೊದಲು ಕೆಳಗೇರಿಗೆ ಹೋಗಿ, ಆಮೇಲೆ ನೇಕಾರ ಓಣಿಗೆ. ಬಾಗಿಲಲ್ಲಿ ನಿಂತು ಹೆಸರು ಕೇಳಿ. ಅವರು ನಗುತ್ತಾರೆ, ಇದೆಲ್ಲ ಯಾಕ್ರೀ ಬಾಯಾರ ಎನ್ನುತ್ತಾರೆ, ಕೂರಿಸಿ ಚಹಾ ಕೊಡುತ್ತಾರೆ. ಕುಡಿಯಿರಿ. ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ಅಡ್ಡಹೆಸರು ಇದ್ದರೆ ಅಡ್ಡಹೆಸರು ಸಮೇತ. ಮೂವತ್ತೆರಡೂ ಸಿಕ್ಕದಿದ್ದರೆ ಸಿಕ್ಕಷ್ಟನ್ನು ಬರೆದು, ಇನ್ನೆಷ್ಟು ಉಳಿದಿವೆ ಎಂಬುದನ್ನೂ ಬರೆಯಿರಿ. ‘ಇತರರು’ ಎಂಬ ಪದದ ಮೇಲೆ ಒಂದು ಗೆರೆ ಎಳೆಯಿರಿ.

ನಾಳೆಯಿಂದ ಉಳಿದೈದು. ಐದೂ ದಿನ ನಮ್ಮ ಗುಂಪಿನವರು ಸೊಂಟದ ದಾರಿಯಲ್ಲಿ ಮಣ್ಣು ಹೊರುತ್ತೇವೆ. ವೀರಭದ್ರನೂ ತನ್ನವರೊಡನೆ ನಮ್ಮ ಏರಿನಲ್ಲಿ ಸಲಿಕೆ ಹಿಡಿಯುತ್ತಾನೆ. ವ್ಯಾಜ್ಯವಿದೆಯೆಂದು ಅದಲುದುಡಿಮೆ ನಿಲ್ಲುವುದಿಲ್ಲ. ಮಾರ್ಚ್ ಒಂದರ ಬೆಳಿಗ್ಗೆ ಕಾಗದಪೀಠದ ಎದುರು ನಮ್ಮ ಸರದಿ. ಸಾಕ್ಷಿಗೆಂದು ಪುಸ್ತಕವನ್ನು ಪೀಠದವರು ಈಗಾಗಲೇ ಬಟ್ಟೆಯಲ್ಲಿ ಸುತ್ತಿ ಮೊಹರು ಮಾಡಿದ್ದಾರೆ. ನೀವು ಬರೆದಿದ್ದರೂ ಬರೆಯದಿದ್ದರೂ, ಈಗ ಅದರೊಳಗೆ ಏನಿದೆಯೆಂದು ನಾನು ನೋಡುವಂತಿಲ್ಲ. ಪೀಠದ ಮುಂದೆಯೇ ತೆರೆಯಬೇಕು, ಹದಿನೇಳನೆಯ ಪುಟವನ್ನು ಗಟ್ಟಿಯಾಗಿ ಓದಬೇಕು. ಸಾಕ್ಷಿದಾರರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಹಸೀನಾಬಿಯ ಹೆಸರಿದೆ. ನಾನು ಓದುವುದನ್ನು ಪಕ್ಕದಲ್ಲಿ ನಿಂತು ಕೇಳುತ್ತೇನೆ ಎಂದಿದ್ದಾಳೆ.

ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ನನಗೆ ಕಣ್ಣು ಮಂಜು; ಅಷ್ಟು ಜನರ ಮುಂದೆ ಒಂದು ಹೆಸರೂ ತಪ್ಪಾಗಬಾರದು.

ಇಂತಿ,
ದ್ಯಾಮಣ್ಣ ಕೊಪ್ಪದ
ಕೆಳಗೇರಿ ಗುಂಪಿನ ಸವಾರ