ಸದ್ದುಗಳ್ಳನ ಮುಖ

ಬಿಳೇಕಹಳ್ಳಿ
12-11-2024, ಮಂಗಳವಾರ

ಪ್ರೀತಿಯ ಕಾತ್ಯಾಯಿನಿ,

ನಾನು ಕಥೆ ಹೇಳಿ, ನೀನು ಚಿತ್ರ ಬಿಡಿಸಿ, ಇಬ್ಬರೂ ವಾಟ್ಸಾಪಿನಲ್ಲಿ ಹಂಚುವ ಕಾಮಿಕ್ಸಿನ ಕೊನೆಯ ಪುಟದ ಚಿತ್ರ ಬಂತು. ನಮ್ಮ ನಾಯಕಿ ಸಿಡಿಲಮ್ಮ ಹಾರಿ ಬಂದು ಖಳ ಸದ್ದುಗಳ್ಳನ ಮುಖವಾಡ ಕೀಳುವ ರಭಸ ಎಷ್ಟು ಚೆನ್ನಾಗಿದೆ! ಆದರೆ ಒಳಗಿನ ಮುಖ ನಮ್ಮ ವಠಾರದ ಓನರ್ ಬೈಲಪ್ಪನವರದು. ಮಂಕಿ ಕ್ಯಾಪು, ಕಿವಿಯ ಮೇಲಿನ ಬೀಡಿ, ಥೇಟ್ ಅವರೇ. "ಓದೋರು ಬಿದ್ದು ಬಿದ್ದು ನಗ್ತಾರೆ ಕಣೇ, ಸಖತ್ ವಿಲನ್ನು" ಎಂದೆ ನೀನು. ಫೋನಿನಲ್ಲಿ ನಾನೂ ನಕ್ಕುಬಿಟ್ಟೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಿನ್ನ ಜೊತೆ ವಾದಕ್ಕೆ ಬಾಯಿ ಬರುವುದಿಲ್ಲ. ಅದಕ್ಕೇ ಈ ಪತ್ರ.

ಅವರ ವಿಷಯ ನಿನಗೆ ತಮಾಷೆಯಾಗಿ ಹೇಳಿದ್ದು ನಾನೇ. ದಿನಾ ಬೆಳಿಗ್ಗೆ ಮೋಟರ್ ಹಾಕಿ ವಠಾರದ ಒಂದೊಂದೇ ಬಾಗಿಲು ಬಡಿಯುತ್ತಾರೆ. "ಬಿಂದವ್ವಾ, ನೀರ್ ಹಿಡ್ಕೊಂಡ್ಯಾ? ಆಮೇಲೆ ಇಲ್ಲ ಅಂದ್ರೆ ನಾನೇನ್ ಕೆರೆ ತೋಡ್ಲಾ?" ಅಷ್ಟರಲ್ಲಿ ಅಮ್ಮ ಜಯನಗರಕ್ಕೆ ಅಡುಗೆ ಕೆಲಸಕ್ಕೆ ಹೋಗಿರುತ್ತಾಳೆ. ನಾನು ಸೀರೆಗೆ ಕುಚ್ಚು ಕಟ್ಟುತ್ತಾ ಕೂರುತ್ತೇನೆ. ಸೀರೆ ಕೊಡುವವರು ಕಿಟಕಿಗೆ ಚೀಲ ಸಿಕ್ಕಿಸಿ ಮೆಸೇಜ್ ಹಾಕಿ ಹೋಗುತ್ತಾರೆ. ಅಮ್ಮ ಬರುವತನಕ ನನ್ನನ್ನು ಹೆಸರು ಹಿಡಿದು ಕರೆಯುವವರು ಬೈಲಪ್ಪ ಒಬ್ಬರೇ.

ನಮ್ಮ ಕಾಮಿಕ್ಸು ವಠಾರದವರೂ ನೋಡುತ್ತಾರೆ. ಬೈಲಪ್ಪನವರಿಗೆ ತೋರಿಸದೆ ಬಿಡುವುದಿಲ್ಲ. ಆಮೇಲೆ ಅವರು ನನ್ನ ಬಾಗಿಲು ಬಿಟ್ಟು ಮುಂದೆ ಹೋದರೆ? ನೀರು ಹೇಗೋ ಸಿಗುತ್ತದೆ, ಕಾತ್ಯಾಯಿನಿ.

ಅಲ್ಲದೆ ಅವರು ಸದ್ದುಗಳ್ಳ ಆಗಲಾರರು. ಕುಕ್ಕರಿನ ಸೀಟಿ, ಮಕ್ಕಳ ಜಗಳ, ಬನಶಂಕರಿ ಬಸ್ ಸ್ಟ್ಯಾಂಡಿನ ಕೂಗು, ಎಲ್ಲ ಕದ್ದು ಡಬ್ಬಿಗೆ ತುಂಬಿಕೊಳ್ಳುವ ಕಳ್ಳನ ಮನೆಯಲ್ಲಿ ಸದ್ದೇ ಇರಬಾರದು. ಬೈಲಪ್ಪನವರ ಮನೆಯಲ್ಲಿ ಮೊಮ್ಮಕ್ಕಳು, ಕೋಳಿ, ಟಿವಿ ಒಟ್ಟಿಗೇ ಅರಚುತ್ತವೆ.

ಕಳ್ಳ ಯಾರೆಂದು ನನಗೆ ಮೊದಲಿಂದಲೂ ಗೊತ್ತಿತ್ತು. ಅವನಲ್ಲ, ಅವಳು. ಕೈಯಲ್ಲಿ ಕುಚ್ಚು ಹಿಡಿದು, ಪಕ್ಕದ ಮನೆಯವರು ನಕ್ಕರೆ ಯಾಕೆ ನಕ್ಕರೆಂದು ಗೋಡೆಗೆ ಕಿವಿ ಕೊಡುವವಳು. ಮುಖವಾಡದ ಒಳಗೆ ನನ್ನ ಮುಖ ಬಿಡಿಸು. ಓದುವವರು ನಗದಿದ್ದರೂ ಪರವಾಗಿಲ್ಲ.

ನಿನ್ನ ಚಿತ್ರಗಳಿಗೆ ಕಾಯುವ,
ಬಿಂದುಶ್ರೀ

ತಾ.ಕ.: ನನ್ನ ಮುಖ ನೀನು ನೋಡೇ ಇಲ್ಲ, ಅಲ್ಲವೇ. ಪದ್ಮನಾಭನಗರದ ನಿಮ್ಮ ಮನೆಗೆ ಬಾ ಎಂದು ನೀನು ಕರೆದಾಗಲೆಲ್ಲ ನಾನು ಏನೋ ನೆವ ಹೇಳಿದೆ. ಫೋಟೊ ಕಳಿಸುವುದಿಲ್ಲ. ಭಾನುವಾರ ನೀನೇ ಬಂದು, ಎದುರು ಕೂತು, ನೋಡಿ ಬಿಡಿಸು. ತಲೆ ತಗ್ಗಿಸದೆ ಕೂರಲು ನೋಡುತ್ತೇನೆ.