ಮೂವತ್ತು ಕಿಲೋದಲ್ಲಿ ಹಿಡಿಯದ ಕಾಗದ

ಅಜ್ಜಾವರ, ಸುಳ್ಯ
೫ ಜುಲೈ ೨೦೨೫, ಶನಿವಾರ

ಪ್ರೀತಿಯ ಮಗ ಆಶಿಕ್‌ಗೆ ಬಾಪನ ಸಲಾಂ.

ಹೇಗಿದ್ದಿ? ಸೊಂಟನೋವು ಕಡಿಮೆಯಾಯಿತಾ? ಗೋಡೌನಿನಲ್ಲಿ ಭಾರ ಎತ್ತುವಾಗ ಮೊಣಕಾಲು ಮಡಚಿ ಎತ್ತು ಎಂದು ನಾನು ಹೇಳುತ್ತಲೇ ಇರುತ್ತೇನೆ, ನೀನು ಬೆನ್ನು ಬಗ್ಗಿಸಿಯೇ ಎತ್ತುತ್ತಿ. ಜುಲೈಯ ಶಾರ್ಜಾ ಹೇಗಿರುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರಿಗೆ ಸ್ವಲ್ಪ ಉಪ್ಪು, ಲಿಂಬೆ ಹಾಕಿ ಕುಡಿ. ಇಲ್ಲಿ ದೇವರ ದಯೆಯಿಂದ ದಿನ ಸಾಗುತ್ತಿದೆ. ನಿನ್ನ ಉಮ್ಮನಿಗೆ ಮಂಡಿನೋವು ಉಂಟು, ಬಾಯಿಗೆ ಏನೂ ಆಗಿಲ್ಲ. ಸೊಸೆ ಆಫ್ರಾಳ ವಾಂತಿ ನಿಂತು ವಾರವಾಯಿತು. ಎರಡು ಹೊತ್ತು ಗಂಜಿ, ಒಂದು ಹೊತ್ತು ಮೀನು ಕೇಳಿ ತಿನ್ನುತ್ತಾಳೆ. ಫೋನು ಇರುವಾಗ ಪತ್ರ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಿನ್ನ ರೂಮಿನ ಏಳು ಜನ ಕೇಳುತ್ತಾರೆ, ಇಲ್ಲಿ ನಿನ್ನ ಉಮ್ಮ ಮಧ್ಯೆ ಬಾಯಿ ಹಾಕುತ್ತಾಳೆ. ಮೇಲಾಗಿ ಬಾಯಿಮಾತಿನಲ್ಲಿ ನನಗೆ ಎಲ್ಲರನ್ನೂ ಗೆದ್ದು ಅಭ್ಯಾಸ. ಈ ವಿಷಯದಲ್ಲಿ ಗೆಲ್ಲಬಾರದು ಎಂದು ಬರೆಯಲು ಕೂತಿದ್ದೇನೆ. ಕಡಬದ ಶ್ರೀಶ ಗುರುವಾರ ಅಲ್ಲಿಗೆ ಹೊರಡುತ್ತಾನೆ. ಅವನ ಸೂಟ್‌ಕೇಸ್ ನನ್ನ ಅಂಗಡಿಯದ್ದೇ, ಹಾಗಾಗಿ ಒಂದು ಲಕೋಟೆ ಒಯ್ಯುವುದಿಲ್ಲ ಎನ್ನುವ ಧೈರ್ಯ ಅವನಿಗೆ ಬಂದಿಲ್ಲ.

ನಿನಗೆ ಆಫ್ರಾ ಹೇಳಿದ್ದು ಅರ್ಧ, ನೀನು ಕೇಳಿಸಿಕೊಂಡದ್ದು ಅದರಲ್ಲಿ ಅರ್ಧ. ಮೊದಲಿನಿಂದ ಬರೆಯುತ್ತೇನೆ. ಜೂನ್ ಮೂರಕ್ಕೆ ನಾನು ಅಂಗಡಿಗೆ ಹೊರಡುವಾಗ ಅವಳು ನನ್ನ ಕೈಗೆ ಒಂದು ಸ್ಟ್ರಿಪ್ ಕೊಟ್ಟಳು. ಬಸುರಾದ ಮೇಲೆ ಮುಖದಲ್ಲಿ ಮತ್ತೆ ಮೊಡವೆ ಎದ್ದಿತ್ತು. “ಮಾಮ, ಇದು ಅವರು ಶಾರ್ಜಾದಿಂದ ಕಳಿಸಿದ ಮೊಡವೆಯ ಮಾತ್ರೆ, ಮೊದಲು ತಿನ್ತಿದ್ದೆ. ಈಗ ತಿನ್ಬಹುದಾ ಅಂತ ಚೆನ್ನಪ್ಪಣ್ಣನ ಹತ್ರ ಒಂದು ಕೇಳಿ ಬನ್ನಿ” ಎಂದಳು. ಈ ಮಾತನ್ನು ನೀನು ನೆನಪಿನಲ್ಲಿ ಇಡಬೇಕು. ಬಸುರಾದ ಮೇಲೆ ಕೇಳದೆ ಅವಳು ಒಂದನ್ನೂ ಬಾಯಿಗೆ ಹಾಕಲಿಲ್ಲ. ನಮ್ಮ ಪಕ್ಕದ ಮೆಡಿಕಲ್‌ನ ಚೆನ್ನಪ್ಪ ಕನ್ನಡಕ ಒರೆಸಿ ಸ್ಟ್ರಿಪ್ಪಿನ ಹೆಸರು ಓದಿದ. ಯಾರಿಗೆ ಎಂದ. ಸೊಸೆಗೆ ಎಂದೆ. “ವಿಶೇಷ ಎಂತ ಇಲ್ಲ ಅಲ್ವಾ?” ಎಂದ. ಉಂಟು, ಎರಡು ತಿಂಗಳು ಎಂದು ನಾನು ಸಿಹಿ ಹಂಚುವವನ ಹಾಗೆ ಹೇಳಿದೆ. ಅವನು ಸ್ಟ್ರಿಪ್ಪನ್ನು ಕೈ ಸುಟ್ಟವನಂತೆ ಮೇಜಿನ ಮೇಲೆ ಇಟ್ಟ. “ಹಕೀಮ್ ಬ್ಯಾರಿ, ಇದು ಬಸುರಿ ಹೆಂಗಸರು ತಿನ್ನುದು ಬಿಡಿ, ಮುಟ್ಲಿಕ್ಕೂ ಇಲ್ಲ ಮಾರಾಯ್ರೆ. ಇದನ್ನು ನಿಲ್ಲಿಸಿ ಒಂದು ತಿಂಗಳು ಕಳಿಯದೆ ಮಗು ನಿಲ್ಲಬಾರ್ದು. ಡಬ್ಬದ ಮೇಲೆಯೇ ಹಾಕಿರ್ತಾರೆ, ನೋಡ್ಲಿಲ್ವಾ?” ಎಂದ. ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಮರುದಿನವೇ ಸುಳ್ಯದ ಲೇಡಿ ಡಾಕ್ಟರ ಬಳಿ ಹೋದೆವು. ಮೇಯಲ್ಲಿ ಮೊದಲ ಸಲ ಹೋದಾಗ ಈಗ ಯಾವ ಮಾತ್ರೆ ತಿನ್ನುತ್ತಿ ಎಂದು ಅವರು ಕೇಳಿದ್ದರಂತೆ, ಯಾವುದೂ ಇಲ್ಲ ಎಂದಿದ್ದಳು. ಸುಳ್ಳಲ್ಲ, ಅಷ್ಟರಲ್ಲಿ ಬಿಟ್ಟಾಗಿತ್ತು. ಡಾಕ್ಟರು ಪುತ್ತೂರಿನ ಚರ್ಮದ ಡಾಕ್ಟರಿಗೆ ಫೋನು ಹಚ್ಚಿ ಮಾತಾಡಿದರು. ಆಮೇಲೆ ಹೇಳಿದರು: ಮಗುವಿನ ಅಂಗಾಂಗ ಮೂಡುವ ಹೊತ್ತಿಗೆ ಈ ಮದ್ದು ತಾಯಿಯ ರಕ್ತದಲ್ಲಿದ್ದರೆ ಕಿವಿಗೆ, ಹೃದಯಕ್ಕೆ, ಮೆದುಳಿಗೆ ಏಟು ಬೀಳಬಹುದು. ನಿಲ್ಲಿಸಿದ ಮೇಲೆ ಕೆಲವು ದಿನಗಳಲ್ಲಿ ಹೆಚ್ಚಿನ ಅಂಶ ಇಳಿದುಹೋಗುತ್ತದೆ, ಆದರೂ ಜಾಗ್ರತೆಗೆಂದು ನಿಯಮ ಒಂದು ತಿಂಗಳು. “ನಾನು ಹೆದರಿಸುದಿಲ್ಲ, ಹೆದರ್ಬೇಡಿ ಅಂತಲೂ ಹೇಳುದಿಲ್ಲ. ಕಡೆಯ ಮಾತ್ರೆ ಯಾವತ್ತು ತಿಂದದ್ದು? ಅದು ಬೇಕು ನನಗೆ” ಎಂದರು. ಮಗು ಬೇಡ ಎಂದಾದರೆ ಇರುವ ದಾರಿಯನ್ನೂ ಮುಚ್ಚಿಡದೆ ಹೇಳಿದರು. ಆಫ್ರಾ ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು, “ಮೊದಲು ಎಣಿಸಿ ನೋಡುವ” ಎಂದಳು. ಆ ಹುಡುಗಿಯ ಮೇಲೆ ನನಗಿದ್ದ ಗೌರವ ಅವತ್ತು ಇಮ್ಮಡಿಯಾಯಿತು.

ಎಣಿಸುವುದು ನನ್ನ ಕೆಲಸ ತಾನೆ. ನಾನು ನಿನ್ನನ್ನು ನೋಡಲು ಬಂದು ಅಲ್ಲಿಂದ ಸಾಮಾನು ತಂದದ್ದು ಜನವರಿ ಎಂಟಕ್ಕೆ. ನಿನಗೆ ಅಲ್ಲಿನ ಡಾಕ್ಟರು ಕೊಟ್ಟು, ಮುಖ ತಿಳಿಯಾದ ಮೇಲೆ ಉಳಿದ ಮಾತ್ರೆ ಒಟ್ಟು ತೊಂಬತ್ತು. ಅವಳು ಸುರುಮಾಡಿದ್ದು ಹತ್ತನೇ ತಾರೀಕು, ಶುಕ್ರವಾರ. ಅದು ಅವಳಿಗೆ ಚೆನ್ನಾಗಿ ನೆನಪುಂಟು. ಉಪವಾಸದ ತಿಂಗಳಲ್ಲಿ ಇಫ್ತಾರ್ ಊಟದ ಮೇಲೆ ತಿಂದಳು. ಆಗ ಅವಳ ತುಟಿ ಒಡೆದು ರಕ್ತ ಬರುತ್ತಿತ್ತು. ಅದು ಮಾತ್ರೆಯದ್ದೆಂದು ಈಗ ಡಾಕ್ಟರು ಹೇಳುತ್ತಾರೆ. ನಿನ್ನ ಉಮ್ಮ ಉಪವಾಸದ್ದೆಂದು ತುಪ್ಪ ಹಚ್ಚಿದಳು. ನೀನು ಪೆರ್ನಾಲ್ ಹಬ್ಬಕ್ಕೆಂದು ವಾರ ಮೊದಲೇ ಬಂದು, ಮುಖ ನೋಡಿ ಹೊಗಳಿದ ಮೇಲೆ ಇನ್ನು ಯಾಕೆ ಎಂದು ಬಿಟ್ಟಳು. ಯಾವ ದಿನ? ಗೊತ್ತಿಲ್ಲ. ಉಳಿದದ್ದು ಹದಿನಾಲ್ಕು. ಹಾಗಾದರೆ ತಿಂದದ್ದು ಎಪ್ಪತ್ತಾರು. ಒಂದು ದಿನವೂ ತಪ್ಪದಿದ್ದರೆ ಮಾರ್ಚ್ ಇಪ್ಪತ್ತಾರಕ್ಕೆ ಮುಗಿಯಬೇಕು. ನನಗೆ ಎಷ್ಟು ಸಮಾಧಾನ ಆಯಿತೆಂದರೆ ಪೆನ್ನು ಕೆಳಗಿಟ್ಟು ಚಾ ಕುಡಿದೆ. ಆಗ ಅವಳು ಹೇಳಿದಳು, ತಮ್ಮನ ಮದುವೆಗೆ ರಾಮಕುಂಜಕ್ಕೆ ಹೋದಾಗ ಮಾತ್ರೆ ಇಲ್ಲೇ ಬಿಟ್ಟುಹೋಗಿದ್ದೆ, ಎಂಟು ದಿನ ತಿನ್ನಲಿಲ್ಲ ಎಂದು. ಬೇರೆ ಯಾವ ಮದ್ದಾದರೂ ತಪ್ಪಿದ ದಿನಕ್ಕೆ ಬೈಯಬಹುದು. ಇಲ್ಲಿ ತಪ್ಪಿದ ಒಂದೊಂದು ದಿನವೂ ಕಡೆಯ ಮಾತ್ರೆಯನ್ನು ಮಗುವಿನ ಹತ್ತಿರಕ್ಕೆ ನೂಕುತ್ತದೆ. ಏಪ್ರಿಲ್ ಮೂರಕ್ಕೆ ಬಂದು ನಿಂತಿತು. ಸ್ಕ್ಯಾನಿಂಗ್‌ನಲ್ಲಿ ಮಗು ನಿಂತದ್ದು ಏಪ್ರಿಲ್ ಹದಿನೆಂಟರ ಆಚೀಚೆ ಎಂದು ಬಂದಿದೆ. ನಡುವೆ ಹದಿನೈದು ದಿನ. ನಿಯಮ ಕೇಳುವುದು ಮೂವತ್ತು. ನಡುವೆ ಜ್ವರ ಬಂದಾಗ ಇನ್ನೂ ಎರಡು ಮೂರು ದಿನ ಬಿಟ್ಟಿರಬಹುದು ಎನ್ನುತ್ತಾಳೆ, ಖಚಿತವಿಲ್ಲ. ನನ್ನ ಜೀವಮಾನದಲ್ಲಿ ತಾಳೆಯಾಗದೆ ಉಳಿದ ಲೆಕ್ಕ ಇದೊಂದು.

ಜೂನ್ ಇಪ್ಪತ್ತೆಂಟರ ಸ್ಕ್ಯಾನಿಂಗ್‌ಗೆ ನಾನೂ ಹೋಗಿದ್ದೆ, ಹೊರಗೆ ಕೂತಿದ್ದೆ. ಹೃದಯ ಬಡಿಯುತ್ತಿದೆ, ಬೆಳವಣಿಗೆ ಆಗಬೇಕಾದಷ್ಟು ಆಗಿದೆ ಎಂದರು. ಉಳಿದದ್ದನ್ನು ಆಗಸ್ಟ್ ಇಪ್ಪತ್ತರ ಹೊತ್ತಿಗೆ ದೊಡ್ಡ ಸ್ಕ್ಯಾನಿಂಗ್ ಮಾಡಿ ನೋಡಬೇಕು, ಅದರಲ್ಲಿಯೂ ಎಲ್ಲ ಕಾಣುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದಾರೆ. ದಿನದ ಲೆಕ್ಕ ನೋಡಿ, “ಹದಿನೈದು ದಿನ ಅಂದ್ರೆ ಏನೂ ಇಲ್ಲದ್ದಕ್ಕಿಂತ ತುಂಬಾ ಒಳ್ಳೆದು” ಎಂದರು. ಅದನ್ನು ಹಿಡಿದುಕೊಂಡು ಕೂತಿದ್ದೇವೆ. ಮಗುವನ್ನು ಇಟ್ಟುಕೊಳ್ಳುತ್ತೇನೆ ಎಂದು ಆಫ್ರಾ ಹೇಳಿದ್ದಾಳೆ. ನಿನ್ನನ್ನು ಕೇಳದೆ ಹೇಳಿದಳೆಂದು ನಿನಗೆ ಬೇಸರ ಇರಬಹುದು. ನಿನ್ನನ್ನು ಕೇಳಲು ಅವಳು ಮೂರು ಸಲ ಫೋನು ಮಾಡಿದ್ದು ನಾನು ಕಣ್ಣಾರೆ ನೋಡಿದ್ದೇನೆ.

ಜೂನ್ ಹತ್ತಕ್ಕೆ ನೀನು ಆಡಿದ ಮಾತು ಚಾವಡಿಯಲ್ಲಿ ಕೂತ ನನಗೂ ಕೇಳಿತು, ಸ್ಪೀಕರ್ ಹಾಕಿತ್ತು. “ಡಬ್ಬದೊಳಗೆ ಕಾಗದ ಉಂಟಲ್ಲ, ಅದನ್ನು ಓದ್ಲಿಕ್ಕೆ ನಿನಗೆ ಎಂತ ರೋಗ? ಡಿಗ್ರಿ ಎಂತಕ್ಕೆ ಮಾಡಿದ್ದು?” ಕಾಗದ ಇರಲಿಲ್ಲ ಎಂದಳು. ಇತ್ತು, ನಾನು ನೋಡಿದ್ದೇನೆ, ಸುಳ್ಳು ಹೇಳಬೇಡ ಎಂದಿ ನೀನು. ಮಗನೇ, ನೀನೂ ನೋಡಿದ್ದು ಮಾತ್ರ, ಓದಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಇಪ್ಪತ್ತೈದು ದಿನ, ಉಮ್ಮನ ಹತ್ತಿರ ಮಾತಾಡಿ ಫೋನು ಇಡುತ್ತಿದ್ದಿ. ಅವಳು ಏನು ಮಾಡಿದಳು ಗೊತ್ತಾ? ಕಪಾಟು ಪೂರ್ತಿ ಖಾಲಿ ಮಾಡಿದಳು. ಅಟ್ಟದಿಂದ ನಾನು ತಂದ ಆ ಕಾರ್ಟನ್ನು ಇಳಿಸಿ, ತಳದ ರಟ್ಟನ್ನು ಎಬ್ಬಿಸಿ ನೋಡಿದಳು. ಬೆಡ್‌ಶೀಟು ಒಂದೊಂದನ್ನೇ ಕೊಡವಿದಳು. ಕಡೆಗೆ ನನ್ನ ಎದುರು ನಿಂತು, “ನನ್ನ ಕೈಯಿಂದಲೇ ಎಲ್ಲಿಯೋ ಹೋಗಿರ್ಬೇಕು ಮಾಮ” ಎಂದಳು. ಇರಲಿಲ್ಲ ಎಂದು ಗೊತ್ತಿದ್ದವಳು ಇತ್ತು ಎಂದು ನಂಬಲು ಸುರುಮಾಡಿದ್ದಾಳೆ. ನಾನು ಪೇಪರ್ ಓದುತ್ತಾ ಕೂತಿದ್ದೆ. ಅವಳಿಗೆ ಫೋನು ಮಾಡು. ಆ ಕಾಗದದ ವಿಷಯ ಎತ್ತಬೇಡ. ಊಟ ಆಯಿತಾ ಎಂದು ಕೇಳು, ಅಷ್ಟರಿಂದ ಸುರುಮಾಡು.

ಅಲ್ಲಾಹು ನಿನಗೆ ಆರೋಗ್ಯ ಕೊಡಲಿ, ಆಫ್ರಾಳ ಹೊಟ್ಟೆಯಲ್ಲಿರುವುದನ್ನು ಕಾಯಲಿ. ಹೇಗೇ ಹುಟ್ಟಿದರೂ ಅದು ನಮ್ಮ ಮನೆಯ ಮಗು ಎಂದು ನಿನ್ನ ಉಮ್ಮ ಬರೆಯಲು ಹೇಳಿದ್ದಾಳೆ. ರೂಮಿನವರಿಗೆಲ್ಲ ನನ್ನ ಸಲಾಂ ಹೇಳು.

ನಿನ್ನ ಬಾಪ,
ಹಕೀಮ್

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಗೋಂದು ಹಚ್ಚಿ ಮತ್ತೆ ಬಿಡಿಸಿದೆ. ಜನವರಿ ಏಳಕ್ಕೆ ನೀನು ಡ್ಯೂಟಿಗೆ ಹೋದ ಮೇಲೆ ಕಾರ್ಟನ್ ಕಟ್ಟಿದ್ದು ನಾನೊಬ್ಬನೇ. ವಿಮಾನದವರು ಬಿಡುವ ಮೂವತ್ತು ಕಿಲೋಗಿಂತ ಎರಡು ಕಿಲೋ ಹೆಚ್ಚಿತ್ತು. ಇಪ್ಪತ್ತೆರಡು ವರ್ಷ ಅಲ್ಲಿ ಎಲ್ಲರ ಪೆಟ್ಟಿಗೆ ಕಟ್ಟಿದ ಹಾಗೆಯೇ ಕಟ್ಟಿದೆ. ಸಾಬೂನಿನ ಹೊದಿಕೆ ತೆಗೆದೆ, ಬೂಟಿನೊಳಗೆ ಬಾದಾಮಿ ತುಂಬಿದೆ, ಪೇಸ್ಟಿನ ರಟ್ಟು ಬಿಸಾಡಿದೆ. ಊರಿಗೆ ಹೋಗಬೇಕಾದ್ದು ಸಾಮಾನು, ಡಬ್ಬ ಅಲ್ಲ ಎಂದು ನಿನಗೂ ಕಲಿಸಿದ್ದು ನಾನೇ. ಆ ಮಾತ್ರೆಯ ಮೂರು ಡಬ್ಬ ಹರಿದು, ಸ್ಟ್ರಿಪ್ಪುಗಳನ್ನು ಹಾಲಿನ ಪುಡಿಯ ಡಬ್ಬಿಯಲ್ಲಿಟ್ಟೆ. ಮೂರು ಕಾಗದವೂ ಕಸದ ಬುಟ್ಟಿಗೆ ಹೋಯಿತು. ಡಬ್ಬದ ಮೇಲೆ ಒಂದು ಚಿತ್ರ ಇತ್ತು ಆಶಿಕ್: ಹೊಟ್ಟೆ ಬಂದ ಹೆಂಗಸು, ಅವಳ ಮೇಲೆ ಕೆಂಪು ಅಡ್ಡಗೀಟು. ನಾನು ನೋಡಿದೆ. ಗಂಡಸಿಗೆ ಕೊಟ್ಟ ಮದ್ದಿಗೆ ಇದೆಂತ ಚಿತ್ರ ಎಂದುಕೊಂಡು ಹರಿದೆ. ಆಫ್ರಾಗೆ ಹೇಳಲು ಒಂದು ತಿಂಗಳಿಂದ ಬಾಯಿ ಬರುತ್ತಿಲ್ಲ. ಈ ಪತ್ರ ಶ್ರೀಶನ ಕೈಗೆ ಹೋದ ಮೇಲೆ ನನಗೆ ಹೇಳದೆ ಇರುವ ದಾರಿ ಉಳಿಯುವುದಿಲ್ಲ, ಅದಕ್ಕೇ ನಿನಗೆ ಮೊದಲು ಬರೆದೆ. ಗುರುವಾರ ಅವನನ್ನು ಬಸ್ಸು ಹತ್ತಿಸಿ, ನೇರ ಮನೆಗೆ ಹೋಗಿ ಹೇಳುತ್ತೇನೆ. ಚೆನ್ನಪ್ಪನಿಂದ ಅದೇ ಮದ್ದಿನ ಒಂದು ಕಾಗದ ತಂದು ಇದರೊಳಗೆ ಇಟ್ಟಿದ್ದೇನೆ, ಈ ಸಲ ಓದು. ಇಡುವ ಮೊದಲು ಅಂಗಡಿಯಲ್ಲಿ ಸೂಟ್‌ಕೇಸ್ ತೂಗುವ ಕೊಕ್ಕೆಗೆ ಆ ಕಾಗದವನ್ನು ಸಿಕ್ಕಿಸಿ ನೋಡಿದೆ. ಸೊನ್ನೆ ತೋರಿಸಿತು.