ನಿಪ್ಪಾಣಿ ವಖಾರಿಯೊಳಗ ನಿನ್ನ ಬೀಸೂ ಪದ

ನಿಪ್ಪಾಣಿ, ೧೨-೩-೮೨

ಅವ್ವಗ ಲಗಮವ್ವನ ಶರಣು. ಅಣ್ಣ ಇದನ್ನ ನಿನಗ ಓದಿ ಹೇಳಲಿ, ಅಂವ ಸಿಟ್ಟಾಗಬಾರದು.

ಈ ತಂಬಾಕಿನ ವಖಾರಿಯೊಳಗ ಕೆಲಸದ ಹೆಂಗಸರೆಲ್ಲಾ ಮರಾಠಿ. ನನ್ನ ಕೂಡ ಮಾತಾಡವರಿಲ್ಲ. ನಿನ್ನೆ ಹೊರಗ ಕೂಸು ಅಳಾಕತ್ತಿದ್ರೂ ನಮ್ಮ ಕೆಲಸಾ ನೋಡಕೊಳ್ಳೂ ಮುಕಾದಮ ದತ್ತೋಬಾ ಬಾಗಲಾ ಹಾಕಿ, ನಮ್ಮ ಕೂಡ ದುಡಿಯೂ ಬಾಣಂತಿಗೆ ಮೊಲಿ ಕುಡಸಾಕ ಬಿಡಲಿಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ, ನೀ ಬೀಸೂಕಲ್ಲಿನ ಮುಂದ ಹಾಡೂ ಬೀಸೂ ಪದ ಎತ್ತಿದೆ. ಅಣ್ಣನ್ನ ಹೊಗಳೂ ಕಡೆ ದತ್ತೋಬಾನ ಹೆಸರು ಹಾಕಿ ಬೈದೆ. ಹೆಂಗಸರಿಗೆ ಕನ್ನಡ ತಿಳೀಲಿಲ್ಲ, ಹೆಸರು ತಿಳೀತು. ಅವರೂ ತಮ್ಮ ಬೀಸೂ ಪದದಾಗ ಅವನ ಹೆಸರು ಹಾಕಿ ಮರಾಠಿಯೊಳಗ ಹಾಡಿದ್ರು. ವಖಾರಿ ಗುಂಯ್ ಅಂತು. ಅಂವ ಬಾಗಲಾ ತಗದ, ಬಾಣಂತಿ ಓಡಿದ್ಳು.

ತಂಬಾಕಿನ ಧೂಳಿಗೆ ಹತ್ತಿದ ನನ್ನ ಕೆಮ್ಮು ಕಡಿಮಿ ಐತಿ. ನನ್ನ ಹೆಸರು ಇಲ್ಲಿ ಇನ್ನೂ ಯಾರೂ ಕೇಳಿಲ್ಲ. ನಾಳೆ ಬೀಸುವಾಗ ಒಂದು ಪದದಾಗ ಅದನ್ನ ಹಾಕವ್ವ.